ಅಜ್ಜನ ಗೂನುಬೆನ್ನಿನ ಕೋವಿ

ಪ್ರಶ್ನೆ: ತೀರಿಹೋದ ಅಜ್ಜನ ಕೋವಿ ನಮ್ಮ ಪಾಲಿಗೆ ಬಂದಿದೆ. ಒಂಟಿ ನಳಿಗೆ, ಹಿಂಭಾಗ ಗೂನಿನಂತೆ ಚೌಕಾಕಾರವಾಗಿ ಎದ್ದು ಥಟ್ಟನೆ ಇಳಿಯುತ್ತದೆ. ನಳಿಗೆಯ ಮೇಲೆ ‘ಹೆರ್ಸ್ತಾಲ್, ಬೆಲ್ಜಿಕ್’ ಎಂದಿದೆ, ಬ್ರೌನಿಂಗ್ ಹೆಸರೂ ಇದೆ. ಯಾವ ಕೋವಿ, ಎಷ್ಟು ಹಳೆಯದು?
— ಮಡಿಕೇರಿಯ ಓದುಗರು

ಉತ್ತರ: ಗೂನು ಎಂದಾಗಲೇ ಅರ್ಧ ಗುರುತು ಸಿಕ್ಕಿತು. ಇದು ಬ್ರೌನಿಂಗ್ ಆಟೊ-5, ಪ್ರತಿ ಹೊಡೆತದ ಬಳಿಕ ತಾನೇ ಮುಂದಿನ ತೋಟೆ ತುಂಬಿಕೊಳ್ಳುವ (ಸೆಮಿ-ಆಟೊಮ್ಯಾಟಿಕ್) ಕೋವಿ. ಜಾನ್ ಬ್ರೌನಿಂಗ್ ಇದನ್ನು ರೂಪಿಸಿ, ಅಮೆರಿಕದಲ್ಲಿ 1900ರಲ್ಲಿ ಪೇಟೆಂಟ್ ಪಡೆದರು. ಹಣದ ವಿಚಾರದಲ್ಲಿ ವಿಂಚೆಸ್ಟರ್ ಕಂಪನಿಯೊಡನೆ ಮಾತು ಮುರಿಯಿತು. ಇನ್ನೊಂದು ಕೋವಿ ಕಂಪನಿಯಾದ ರೆಮಿಂಗ್ಟನ್‌ನ ಅಧ್ಯಕ್ಷರನ್ನು ಕಾಣಲು ಹೋದರೆ ಅವರು ಅದೇ ದಿನ ಹೃದಯಾಘಾತದಿಂದ ತೀರಿಕೊಂಡರು. ಕೊನೆಗೆ ಬೆಲ್ಜಿಯಂನ ಲಿಯೇಜ್ ಪಕ್ಕದ ಹೆರ್ಸ್ತಾಲ್‌ನಲ್ಲಿದ್ದ ಎಫ್.ಎನ್. (ಫಾಬ್ರಿಕ್ ನ್ಯಾಷನಾಲ್) ಆಯುಧ ಕಾರ್ಖಾನೆ ಒಪ್ಪಿತು. 1903ರಿಂದ ಅಲ್ಲಿ ತಯಾರಿ ನಡೆಯಿತು. 1970ರ ದಶಕದ ಮಧ್ಯದಲ್ಲಿ ಕೆಲಸ ಜಪಾನಿನ ಮಿರೊಕು ಕಂಪನಿಗೆ ಹೋಯಿತು.

ವಯಸ್ಸು ತಿಳಿಯಲು ರಿಸೀವರ್, ಅಂದರೆ ನಳಿಗೆಯ ಹಿಂದಿನ ಲೋಹದ ಪೆಟ್ಟಿಗೆಯ ಕೆಳಭಾಗದಲ್ಲಿ, ತೋಟೆ ತುಂಬುವ ಬಾಯಿಯ ಮುಂದಿರುವ ಸಂಖ್ಯೆ ನೋಡಿ. 1958 ಅಥವಾ ಅದರ ನಂತರದ್ದಾದರೆ ಸುಲಭ: ‘8ಜಿ’ ಎಂದರೆ 1958ರ ಲೈಟ್ ಟ್ವೆಲ್ವ್ (ಹಗುರವಾದ 12 ಬೋರ್; ಬೋರ್ ಎಂದರೆ ನಳಿಗೆಯ ಅಗಲದ ಅಳತೆ), ‘ಎಸ್’ ಇದ್ದರೆ ಸ್ವೀಟ್ ಸಿಕ್ಸ್‌ಟೀನ್ (ಹಗುರವಾದ 16 ಬೋರ್), ‘ವಿ’ ಇದ್ದರೆ ಮೂರಿಂಚಿನ ತೋಟೆಯ ಮ್ಯಾಗ್ನಮ್. 1968ರಿಂದ ವರ್ಷಕ್ಕೆ ಎರಡು ಅಂಕಿ. ಬರೀ ಸಂಖ್ಯೆ ಇದ್ದರೆ ಕೋವಿ ಇನ್ನೂ ಹಳೆಯದು. ಆಗ ಭದ್ರತಾ ಗುಂಡಿ ನೋಡಿ. ಅದು ಕುದುರೆಯ (ಟ್ರಿಗರ್) ಕಾಪುಬಳೆಯ ಒಳಗೆ, ಮುಂದಿನ ತುದಿಯಲ್ಲಿದ್ದರೆ ಸುಮಾರು 1950ಕ್ಕಿಂತ ಹಿಂದಿನದು. ಕುದುರೆಯ ಹಿಂದೆ ಅಡ್ಡಗುಂಡಿ ಇದ್ದರೆ ನಂತರದ್ದು. ಬೆಲ್ಜಿಯಂ ಪರೀಕ್ಷಾ ಮುದ್ರೆಗಳಲ್ಲಿ ಕಿರೀಟದಡಿ ಅಂಡಾಕಾರದೊಳಗೆ ‘ಇ.ಎಲ್.ಜಿ.’ ಇರುತ್ತದೆ. ನಳಿಗೆಯ ಮೇಲಿನ ನಕ್ಷತ್ರಗಳನ್ನು ಅಲಂಕಾರವೆಂದುಕೊಳ್ಳಬೇಡಿ. ಒಂದು ನಕ್ಷತ್ರ ಪೂರ್ಣ ಚೋಕ್ (ನಳಿಗೆಯ ಬಾಯಿ ಕಿರಿದಾಗಿರುವುದು), ಎರಡು ಮಧ್ಯಮ, ಮೂರು ಚೋಕ್ ಇಲ್ಲದ ನೇರ ನಳಿಗೆ.

ಕೈಯಲ್ಲಿ ಹಿಡಿಯುವ ಮುನ್ನ ಒಂದು ಎಚ್ಚರಿಕೆ. ರಿಸೀವರ್‌ನ ಎಡಬದಿಯಲ್ಲಿ ಚಿಕ್ಕ ಸನ್ನೆ ಇರುತ್ತದೆ. ಅದನ್ನು ತಿರುಗಿಸಿದರೆ ಮ್ಯಾಗಜೀನ್‌ನ (ನಳಿಗೆಯಡಿಯ ತೋಟೆ ತುಂಬುವ ಕೊಳವೆ) ತೋಟೆ ನಳಿಗೆಗೆ ಬರುವುದು ನಿಲ್ಲುತ್ತದೆ. ಆದ್ದರಿಂದ ಬೋಲ್ಟ್ (ನಳಿಗೆಯ ಬುಡ ಮುಚ್ಚುವ ಭಾಗ) ಎಳೆದಾಗ ನಳಿಗೆ ಖಾಲಿ ಕಂಡರೂ ಕೊಳವೆಯಲ್ಲಿ ನಾಲ್ಕು ತೋಟೆ ಕೂತಿರಬಹುದು. ನಳಿಗೆಯ ಬುಡವನ್ನೂ ಕೆಳಗಿನ ಬಾಯಿಯಿಂದ ಕೊಳವೆಯನ್ನೂ ಕಣ್ಣಿಂದ ನೋಡಿ, ಬೆರಳಿಂದ ಮುಟ್ಟಿ ಖಚಿತಪಡಿಸಿಕೊಳ್ಳಿ. ರೂಢಿಯಿಲ್ಲದಿದ್ದರೆ ಪರವಾನಗಿಯುಳ್ಳ ಡೀಲರ್ ಕೈಯಲ್ಲೇ ಮಾಡಿಸಿ.

ಪರವಾನಗಿದಾರರು ತೀರಿಕೊಂಡ ಮೇಲೆ ಕೋವಿಯನ್ನು ಮನೆಯ ಕಪಾಟಿನಲ್ಲಿ ಇಟ್ಟುಕೊಂಡು ಕೂರುವಂತಿಲ್ಲ. ಠಾಣೆಯಲ್ಲೋ ಡೀಲರ್ ಬಳಿಯೋ ಠೇವಣಿ ಇಟ್ಟು, ವಾರಸುದಾರರಾಗಿ ಅರ್ಜಿ ಹಾಕಿ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ) ಭೂಮಿಯ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಉಂಟು, ನಿಜ. ಆದರೆ ಜೋಡಿ ನಳಿಗೆಗೆ ಸಲ್ಲುವುದೆಲ್ಲ ಇದಕ್ಕೂ ಸಲ್ಲುತ್ತದೆಂದು ಎಣಿಸದೆ, ಜಿಲ್ಲಾಧಿಕಾರಿ ಕಚೇರಿಯಲ್ಲಿ ‘ಸೆಮಿ-ಆಟೊಮ್ಯಾಟಿಕ್’ ಎಂದೇ ಬರೆದು ಕೇಳಿ.

ಪ್ರಶ್ನೆ: ನಮ್ಮದು ಎರಡನೇ ಮಹಾಯುದ್ಧಕ್ಕೆ ಮೊದಲಿನ 16 ಬೋರಿನ ಆಟೊ-5, ಪರವಾನಗಿ ಇದೆ. ಹೊಸ ತೋಟೆ ಹಾಕಿದರೆ ಖಾಲಿ ಚಿಪ್ಪು ಸಿಕ್ಕಿಕೊಳ್ಳುತ್ತದೆ, ಭುಜಕ್ಕೆ ಏಟೂ ಜೋರು.
— ಸಕಲೇಶಪುರದ ಓದುಗರು

ಉತ್ತರ: ಇನ್ನೊಂದು ತೋಟೆಯನ್ನೂ ಹಾಕಬೇಡಿ. ಆ ಕಾಲದ 16 ಬೋರಿನ ತೋಟೆಗೂಡು 65 ಮಿ.ಮೀ. ಉದ್ದದ್ದು, ಈಗಿನ ತೋಟೆ 70 ಮಿ.ಮೀ. ಬಾಯಿ ಮಡಚಿದ ಹೊಸ ತೋಟೆ ಒಳಗೆ ಸಲೀಸಾಗಿ ಕೂರುತ್ತದೆ, ಮೋಸ ಇರುವುದೇ ಅಲ್ಲಿ. ಸಿಡಿದಾಗ ಮಡಿಕೆ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ, ಉದ್ದವಾದ ಚಿಪ್ಪು ಹೊರಬೀಳುವ ಕಿಂಡಿಯಲ್ಲಿ ತಡೆಯುತ್ತದೆ. ಗೂಡನ್ನು ಗನ್‌ಸ್ಮಿತ್‌ನಿಂದ ಅಳತೆ ಮಾಡಿಸಿ. ಹಿಂದಿನ ಒಡೆಯರು ಹಿಗ್ಗಿಸಿರಲೂಬಹುದು.

ಆಮೇಲೆ ಉಂಗುರಗಳನ್ನು ನೋಡಿ. ಈ ಕೋವಿಯ ಜಾಣ್ಮೆಯೆಲ್ಲ ಅಲ್ಲೇ ಅಡಗಿದೆ. ಗುಂಡು ಹಾರಿದಾಗ ನಳಿಗೆಯೂ ಬೋಲ್ಟೂ ಒಟ್ಟಿಗೇ ಹಿಂದಕ್ಕೆ ಪೂರ್ತಿ ಸರಿಯುತ್ತವೆ. ನಳಿಗೆ ಮೊದಲು ಮುಂದೆ ಬಂದು ಚಿಪ್ಪನ್ನು ಬಿಡಿಸುತ್ತದೆ, ಆಮೇಲೆ ಬೋಲ್ಟ್ ಹೊಸ ತೋಟೆ ತರುತ್ತದೆ. ಒಂದೇ ಗುಂಡಿಗೆ ಭುಜದಲ್ಲಿ ಎರಡು ತಳ್ಳಾಟ ತಿಳಿಯುವುದು ಇದರಿಂದಲೇ. ಆ ಓಟಕ್ಕೆ ಬ್ರೇಕ್ ಹಾಕುವುದು ಮ್ಯಾಗಜೀನ್ ಕೊಳವೆಯ ಮೇಲಿನ ಕಂಚಿನ ತುಂಡು ಮತ್ತು ಉಕ್ಕಿನ ಉಂಗುರ. ಭಾರಿ ತೋಟೆಗೆ ರಿಸೀವರ್ ಕಡೆಯಿಂದ ಕ್ರಮ ಹೀಗೆ: ಸ್ಪ್ರಿಂಗ್, ಉಕ್ಕಿನ ಉಂಗುರ, ಕಂಚಿನ ತುಂಡು. ಉಂಗುರದ ಇಳಿಜಾರು ಬದಿ ಕಂಚಿನ ಕಡೆಗಿರಲಿ. ಹಗುರ ತೋಟೆಗೆ ಉಂಗುರವನ್ನು ತೆಗೆದು ಸ್ಪ್ರಿಂಗ್‌ನ ಹಿಂದೆ, ರಿಸೀವರ್‌ಗೆ ತಾಗುವಂತೆ ಇಡಬೇಕು. ಹಗುರ ಜೋಡಣೆಯಲ್ಲಿ ಭಾರಿ ತೋಟೆ ಹೊಡೆದರೆ ನಳಿಗೆ ಬ್ರೇಕಿಲ್ಲದೆ ಬಡಿಯುತ್ತದೆ. ಮುಂದಿನ ಮರ ಸೀಳುವುದು ಹೆಚ್ಚಾಗಿ ಹೀಗೆಯೇ. ಕೊಳವೆಗೆ ಎಣ್ಣೆ ಸುರಿದರೂ ಇದೇ ಗತಿ, ತೀರಾ ಒಣಗಿದ್ದರೆ ಚಿಪ್ಪು ಹೊರಬೀಳದು. ಎಣ್ಣೆ ಹಚ್ಚಿದ ಬಟ್ಟೆಯಿಂದ ಒಮ್ಮೆ ಒರೆಸಿದರೆ ಸಾಕು.

ಪ್ರಶ್ನೆ: ಮಾವನವರಿಂದ ಬಂದ ಗೂನುಬೆನ್ನಿನ ಕೋವಿಯ ಮೇಲೆ ರೆಮಿಂಗ್ಟನ್ ಎಂದಿದೆ. ನಕಲಿಯೆ?
— ಅಮೆರಿಕದ ಒಹಾಯೊದಿಂದ ಓದುಗರು

ಉತ್ತರ: ಅಲ್ಲ. ರೆಮಿಂಗ್ಟನ್ ಕಂಪನಿಯೇ ಪರವಾನಗಿ ಪಡೆದು 1905ರಿಂದ ಮಾಡಿದ ಮಾಡೆಲ್ 11 ಅದು. ಎಡಬದಿಯ ಸನ್ನೆ ಇದರಲ್ಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಬೆಲ್ಜಿಯಂ ಜರ್ಮನ್ನರ ವಶವಾಗಿದ್ದಾಗ ಬ್ರೌನಿಂಗ್ ಹೆಸರಿನಲ್ಲೂ ರೆಮಿಂಗ್ಟನ್ ಕೆಲವನ್ನು ಮಾಡಿಕೊಟ್ಟಿತು. ಅವಕ್ಕೆ ಸನ್ನೆ ಉಂಟು.

ಪ್ರಶ್ನೆ: ತುಕ್ಕು ಹಿಡಿದಿದೆ. ಹೊಸದಾಗಿ ನೀಲಿ ಬಣ್ಣ ಕೊಡಿಸಲೆ?
— ವಿರಾಜಪೇಟೆಯ ಓದುಗರು

ಉತ್ತರ: ಬೇಡವೇ ಬೇಡ. ಬಣ್ಣ ಕೊಡುವವರು ಮೊದಲು ಉಜ್ಜುತ್ತಾರೆ. ಕೆತ್ತನೆಯ ಅಂಚು, ಮುದ್ರೆ, ಸಂಖ್ಯೆ ಎಲ್ಲ ಮಸುಕಾಗಿ ಕೋವಿಯ ಗುರುತೂ ಬೆಲೆಯೂ ಒಟ್ಟಿಗೆ ಹೋಗುತ್ತವೆ. ತುಕ್ಕಿನ ಮೇಲೆ ತೆಳು ಎಣ್ಣೆ ಹಚ್ಚಿ ಒಂದು ರಾತ್ರಿ ಬಿಟ್ಟು, ಒರಟು ಬಟ್ಟೆಯಿಂದ ಒರೆಸಿ. ಎರಡು ಮೂರು ಸಲ ಬೇಕಾದೀತು. ಮರಳು ಕಾಗದ ಹತ್ತಿರ ತರಬೇಡಿ. ಸ್ಕ್ರೂ ತಲೆಯ ಸೀಳು ತುಂಬ ಸಪೂರ, ಮನೆಯ ಸ್ಕ್ರೂಡ್ರೈವರ್ ಹಾಕಿದರೆ ಕಿತ್ತುಬರುತ್ತದೆ. 1960ರ ದಶಕದ ಕೊನೆಯ ಕೋವಿಯಾದರೆ ಹಿಂದಿನ ಮರ ಬಿಚ್ಚಿಸಿ ನೋಡಿಸಿ: ಆಗ ಬ್ರೌನಿಂಗ್‌ನ ಕೆಲವು ಕೋವಿಗಳಿಗೆ ಉಪ್ಪಿನಿಂದ ಒಣಗಿಸಿದ ವಾಲ್‌ನಟ್ ಮರ ಬಳಸಿದ್ದರು, ಅದು ತಾಗಿದ ಕಡೆ ಲೋಹವನ್ನು ಒಳಗೊಳಗೇ ಕೊರೆಯುತ್ತದೆ. ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೊದ್‌ಗೆ ಪೂಜೆಗಿಟ್ಟರೆ ತೋಕ್ ಪೂ (ಕೋವಿಗೆ ಮುಡಿಸುವ ಹೂ), ಗಂಧ ಅಂದೇ ಸಂಜೆ ತೆಗೆದು ಒರೆಸಿಡಿ. ಸೆಪ್ಟೆಂಬರ್ ತೇವದಲ್ಲಿ ಗಂಧದ ಬೊಟ್ಟಿನಡಿಯೇ ಮೊದಲು ತುಕ್ಕು ಏಳುವುದು.