ಎಡಪುಟದ ಲೆಕ್ಕ, ಬಲಪುಟದ ಲೆಕ್ಕ

ಕಳೆದ ಸಂಚಿಕೆಯಲ್ಲಿ ಕ್ಯಾನ್ಸರಿನಿಂದ ಚೇತರಿಸಿಕೊಂಡವರ ಅನುಭವಗಳನ್ನು ಪ್ರಕಟಿಸಿದ್ದೆವು. ಅದನ್ನು ಓದಿ ನೀವು ಬರೆದ ಪತ್ರ ಮೇಜಿನ ಮೇಲಿದೆ. "ಎಲ್ಲರೂ ಧೈರ್ಯದ ಮಾತು ಆಡಿದ್ದಾರೆ, ದುಡ್ಡಿನ ಮಾತು ಯಾರೂ ಎತ್ತಿಲ್ಲ. ಧೈರ್ಯ ತೋರಿಸಿದರೆ ಕೌಂಟರಿನಲ್ಲಿ ರಸೀದಿ ಕೊಡುತ್ತಾರೆಯೇ?" ಎಂದು ಕೇಳಿದ್ದೀರಿ. ಕೊಡುವುದಿಲ್ಲ. ಆ ಬರಹಗಳನ್ನು ತಿದ್ದಿ ಅಚ್ಚಿಗೆ ಕಳಿಸಿದವನು ನಾನೇ; ಅದರಲ್ಲಿ ದುಡ್ಡಿನ ಸುದ್ದಿಯೇ ಇಲ್ಲವೆಂಬುದು ನನಗೂ ಹೊಳೆಯಲಿಲ್ಲ. ತಪ್ಪು ನಮ್ಮದು.

ಪತ್ರದ ಜೊತೆ ನಿಮ್ಮ ಲೆಕ್ಕದ ಪುಸ್ತಕದ ಎರಡು ಪುಟಗಳ ನಕಲು ಇಟ್ಟಿದ್ದೀರಿ. ತಾಯಿಯವರಿಗೆ ಸ್ತನ ಕ್ಯಾನ್ಸರ್ ಎಂದು ಗೊತ್ತಾದ ದಿನದಿಂದ ಬರೆದದ್ದು. ಎಡಪುಟದಲ್ಲಿ ಎಲ್ಲರೂ ಬರೆಯುವುದೇ ಇದೆ: ಸ್ಕ್ಯಾನ್, ಬಯಾಪ್ಸಿ, ಕಿಮೋ, ಪ್ರಯಾಣ. ಬಲಪುಟದಲ್ಲಿ ಹಣವೇ ಇಲ್ಲ, ಬರೀ ದಿನಗಳು. "ನಾನು 11 ದಿನ, ಸಂಬಳ ಕಡಿತ. ಅಣ್ಣ 4 ದಿನ. ತಮ್ಮ ಪರೀಕ್ಷೆಗೆ ಕೂರಲಿಲ್ಲ." ಕೊನೆಯ ಸಾಲನ್ನು ಪೆನ್ನು ಒತ್ತಿ ಬರೆದಿರುವುದು ನಕಲಿನಲ್ಲೂ ಕಾಣುತ್ತದೆ.

ಆಗ್ನೇಯ ಏಷ್ಯಾದ 8 ದೇಶಗಳ 9,513 ಕ್ಯಾನ್ಸರ್ ರೋಗಿಗಳ ಜಾಡು ಹಿಡಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ರೋಗ ಪತ್ತೆಯಾಗಿ ವರ್ಷ ಕಳೆಯುವಷ್ಟರಲ್ಲಿ ಶೇ 29 ಮಂದಿ ತೀರಿಕೊಂಡಿದ್ದರು. ಶೇ 48 ಮಂದಿಯ ಚಿಕಿತ್ಸೆಗೆ ಕೈಯಿಂದ ಹಾಕಿದ ಹಣ ಮನೆಯ ವಾರ್ಷಿಕ ಆದಾಯದ ಶೇ 30ನ್ನು ಮುಟ್ಟಿತ್ತು ಅಥವಾ ದಾಟಿತ್ತು. ಜೀವವೂ ಉಳಿದು ಮನೆಯೂ ಉಳಿದದ್ದು ಶೇ 23 ಮಂದಿಗೆ ಮಾತ್ರ. ಗಮನಿಸಿ, ಇದು ಎಡಪುಟದ ಲೆಕ್ಕವಷ್ಟೇ.

ವೈದ್ಯರು ಇದಕ್ಕೆ 'ಫೈನಾನ್ಷಿಯಲ್ ಟಾಕ್ಸಿಸಿಟಿ', ಅಂದರೆ ದುಡ್ಡಿನ ನಂಜು, ಎಂದು ಹೆಸರಿಟ್ಟಿದ್ದಾರೆ. ಕೂದಲು ಉದುರುವುದು, ವಾಂತಿಯಾಗುವುದು, ಇವುಗಳ ಸಾಲಿನಲ್ಲಿ ಕೈ ಬರಿದಾಗುವುದೂ ಒಂದು ಅಡ್ಡಪರಿಣಾಮ. ನನ್ನದೊಂದು ತಕರಾರಿದೆ. ಔಷಧದ ಅಡ್ಡಪರಿಣಾಮ ರೋಗಿಯ ಮೈಯಲ್ಲೇ ಉಳಿಯುತ್ತದೆ. ದುಡ್ಡಿನ ನಂಜು ಪಕ್ಕದ ಕೋಣೆಯಲ್ಲಿ ಓದುತ್ತಿದ್ದ ತಮ್ಮನಿಗೂ ತಗಲುತ್ತದೆ. ರೋಗಿಯನ್ನೂ ಸುಮ್ಮನೆ ಬಿಡುವುದಿಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯದ ದಾಖಲೆಗಳನ್ನು ಜಾಲಾಡಿದ ಸಂಶೋಧಕರು 2016ರಲ್ಲಿ ಹೇಳಿದ್ದೇನೆಂದರೆ, ದಿವಾಳಿಯಾದ ಕ್ಯಾನ್ಸರ್ ರೋಗಿಗಳ ಸಾವಿನ ಅಪಾಯ ಉಳಿದ ರೋಗಿಗಳಿಗಿಂತ ಶೇ 79ರಷ್ಟು ಹೆಚ್ಚು. ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗುವವರು, ಮುಂದಿನ ಸ್ಕ್ಯಾನನ್ನು "ಆಮೇಲೆ ನೋಡೋಣ" ಎನ್ನುವವರು ನಿಮಗೂ ಆಸ್ಪತ್ರೆಯಲ್ಲಿ ಕಂಡಿರಬಹುದು.

ದುಡ್ಡಿನ ಮಾತೆತ್ತಿದರೆ ವೈದ್ಯರು ಚಿಕಿತ್ಸೆಯಲ್ಲೇ ಕೈ ಬಿಗಿ ಹಿಡಿಯುತ್ತಾರೇನೋ ಎಂಬ ಭಯ ನಿಮಗೆ. ಅರ್ಥವಾಗುತ್ತದೆ. ಆದರೂ ಎತ್ತಿ. ದಿನಗಳ ಮಾತನ್ನೂ ಎತ್ತಿ. ತಾಯಿಯವರಿಗೆ ಮುಂದೆ ರೇಡಿಯೇಷನ್ ಇದೆ ಎಂದಿದ್ದೀರಿ. ಆರಂಭದ ಹಂತದ ಸ್ತನ ಕ್ಯಾನ್ಸರಿಗೆ ಮೂರು ವಾರಗಳಲ್ಲಿ 15 ಬಾರಿ ಕೊಡುವುದನ್ನು ಒಂದೇ ವಾರದಲ್ಲಿ 5 ಬಾರಿ ಕೊಟ್ಟರೂ ಫಲಿತಾಂಶ ಕಡಿಮೆಯಾಗುವುದಿಲ್ಲ ಎಂದು ಬ್ರಿಟನ್ನಿನ ದೊಡ್ಡ ಪ್ರಯೋಗವೊಂದು 2020ರಲ್ಲಿ ತೋರಿಸಿತು. ಎಲ್ಲರಿಗೂ ಇದು ಹೊಂದುವುದಿಲ್ಲ; ಹೊಂದುತ್ತದೋ ಇಲ್ಲವೋ ಎಂದು ಕೇಳಲು ಅಡ್ಡಿಯಿಲ್ಲ. ಹತ್ತು ಓಡಾಟ ಉಳಿದರೆ ನಿಮ್ಮ ಬಲಪುಟದಲ್ಲಿ ಹತ್ತು ದಿನ ಉಳಿಯಿತು. ಬರೆದುಕೊಟ್ಟ ದುಬಾರಿ ಔಷಧಕ್ಕೆ ಜೆನೆರಿಕ್ (ಅದೇ ಔಷಧ, ಮೂಲ ಬ್ರ್ಯಾಂಡಿನ ಹೆಸರಿಲ್ಲದ್ದು) ಅಥವಾ ಬಯೋಸಿಮಿಲರ್ (ಜೈವಿಕ ಔಷಧಕ್ಕೆ ತೀರಾ ಹತ್ತಿರದ, ಅಷ್ಟೇ ಕೆಲಸ ಮಾಡುವ ಔಷಧ) ಇದೆಯೇ ಎಂದೂ ಕೇಳಿ. ಸಾಲ ಮಾಡಿದ ಮೇಲಲ್ಲ, ಮಾಡುವ ಮುಂಚೆ.

ಇನ್ನೊಂದು ಮಾತು, ಬೇಸರಿಸಬೇಡಿ. ಬಲಪುಟದಲ್ಲಿ ಎಲ್ಲರೂ ಇದ್ದಾರೆ, ತಾಯಿಯವರಿಲ್ಲ. ಅವರು ಹೊರಗೆ ದುಡಿಯುತ್ತಿರಲಿಲ್ಲ, ಹಾಗಾಗಿ ನಷ್ಟವಿಲ್ಲ ಎಂದುಕೊಂಡಿರಿ. ಅವರು ಹಾಸಿಗೆ ಹಿಡಿದ ಮೇಲೆ ಅಡುಗೆ, ಬಟ್ಟೆ, ಅಜ್ಜಿಯ ಆರೈಕೆ ಯಾರ ಪಾಲಿಗೆ ಬಂತು? ನಿಮ್ಮ 11 ದಿನಗಳಲ್ಲಿ ಆಸ್ಪತ್ರೆಗೆ ಹೋದದ್ದೆಷ್ಟು, ಅವರ ಕೆಲಸಕ್ಕೆ ಹೋದದ್ದೆಷ್ಟು? ಅದನ್ನೂ ಬರೆದು ಮುಂದಿನ ಪುಟಗಳನ್ನು ಕಳಿಸಿಕೊಡಿ. ಹೆಸರಿಲ್ಲದೆ ಪ್ರಕಟಿಸುತ್ತೇವೆ, ಒಂದು ಅಂಕಿಯನ್ನೂ ತಿದ್ದುವುದಿಲ್ಲ.

— ಸಂಪಾದಕ