ಉದ್ದ ಬೀಪ್ ಬಂದರೆ ಮೊದಲು ರ್‍ಯಾಮ್ ನೋಡಿ

ಪ್ರಶ್ನೆ: ನನ್ನದು ಕುಮಟಾದಲ್ಲಿ ಸಣ್ಣ ಡಿಟಿಪಿ ಅಂಗಡಿ. ಮಳೆಗಾಲದಲ್ಲಿ ಯಕ್ಷಗಾನದ ಕರಪತ್ರವಾಗಲಿ ಮದುವೆ ಕಾಗದವಾಗಲಿ ಬರುವುದಿಲ್ಲ. ಹಾಗಾಗಿ ಆಷಾಢವಿಡೀ ಕಂಪ್ಯೂಟರಿಗೆ ಪ್ಲಾಸ್ಟಿಕ್ ಹೊದಿಸಿ ಇಟ್ಟಿದ್ದೆ. ಈಗ ಚೌತಿಯ ಕೆಲಸ ಬಂದಿದೆ. ಆನ್ ಮಾಡಿದರೆ ಫ್ಯಾನ್ ತಿರುಗುತ್ತದೆ, ಉದ್ದಕ್ಕೆ ಬೀಪ್ ಬರುತ್ತದೆ, ಸ್ವಲ್ಪ ನಿಂತು ಮತ್ತೆ ಅದೇ ಬೀಪ್. ಮಾನಿಟರಿನಲ್ಲಿ ‘ನೋ ಸಿಗ್ನಲ್’. ನೋಡಿದವರೊಬ್ಬರು ಮದರ್‌ಬೋರ್ಡ್ ಹೋಗಿದೆ, ಹೊಸ ಸಿಸ್ಟಮ್ ತಗೊಳ್ಳಿ ಎಂದರು. ‘ನುಡಿ’ ಕನ್ನಡ ತಂತ್ರಾಂಶದಲ್ಲಿ ಮಾಡಿದ ಎಷ್ಟೋ ವರ್ಷದ ಫೈಲುಗಳು ಅದರಲ್ಲೇ ಇವೆ. ಎಲ್ಲ ಹೋಯಿತೇ?

ಉತ್ತರ: ಮೊದಲು ಫೈಲಿನ ಚಿಂತೆ ಬಿಡಿ. ನಿಮ್ಮ ಕೆಲಸವೆಲ್ಲ ಇರುವುದು ಹಾರ್ಡ್‌ಡಿಸ್ಕಿನಲ್ಲಿ. ಈ ಬೀಪ್ ಬರುವ ಹೊತ್ತಿಗೆ ಕಂಪ್ಯೂಟರ್ ಇನ್ನೂ ಡಿಸ್ಕಿನವರೆಗೆ ಹೋಗಿಯೇ ಇರುವುದಿಲ್ಲ. ನಾಳೆ ಬೋರ್ಡೇ ಹೋಗಿದೆ ಎಂದು ಖಾತ್ರಿಯಾದರೂ ಡಿಸ್ಕನ್ನು ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿ ಫೈಲು ತೆಗೆದುಕೊಳ್ಳಬಹುದು. ‘ಫಾರ್ಮ್ಯಾಟ್ ಮಾಡಿ ನೋಡೋಣ’ ಎಂದು ಯಾರಾದರೂ ಹೇಳಿದರೆ ಖಂಡಿತ ಒಪ್ಪಬೇಡಿ. ಬೀಪಿಗೂ ಫಾರ್ಮ್ಯಾಟಿಗೂ ಯಾವ ಸಂಬಂಧವೂ ಇಲ್ಲ.

ಆನ್ ಆದ ತಕ್ಷಣ ಬೋರ್ಡು ತನ್ನ ಮುಖ್ಯ ಭಾಗಗಳನ್ನು ತಾನೇ ಪರೀಕ್ಷೆ ಮಾಡಿಕೊಳ್ಳುತ್ತದೆ. ಪರದೆ ಬರುವ ಮೊದಲೇ ತೊಂದರೆ ಸಿಕ್ಕರೆ ಅದನ್ನು ತಿಳಿಸಲು ಅದಕ್ಕಿರುವುದು ಸದ್ದೊಂದೇ. ಅಂದರೆ ಬೀಪ್ ಬರುತ್ತಿದೆ ಎಂದರೆ ಬೋರ್ಡು ಪೂರ್ತಿ ಸತ್ತಿಲ್ಲ ಎಂದೇ ಅರ್ಥ. ಪಕ್ಕದ ಮುಚ್ಚಳವನ್ನೂ ಬಿಚ್ಚದೆ ‘ಹೊಸದು ತಗೊಳ್ಳಿ’ ಎನ್ನುವುದು ನನಗೆ ಸರಿ ಕಾಣುವುದಿಲ್ಲ. ಸಣ್ಣ ಅಂಗಡಿಯವರಿಗೆ ಅದು ಎಷ್ಟು ದೊಡ್ಡ ಖರ್ಚು!

ಬೀಪಿನ ಲೆಕ್ಕ ಎಲ್ಲ ಬೋರ್ಡಿಗೂ ಒಂದೇ ಅಲ್ಲ, ಆನ್ ಆದಾಗ ಬೋರ್ಡಿನಲ್ಲಿ ಮೊದಲು ಓಡುವ ‘ಬಯೋಸ್’ ಎಂಬ ತಂತ್ರಾಂಶ ಯಾವ ಕಂಪನಿಯದು ಎಂಬುದರ ಮೇಲೆ ಹೋಗುತ್ತದೆ. ಅವಾರ್ಡ್ ಬಯೋಸ್‌ನಲ್ಲಿ ಉದ್ದ ಬೀಪ್ ಮತ್ತೆ ಮತ್ತೆ ಬಂದರೆ ತೊಂದರೆಯ ಮೂಲ ಕಂಪ್ಯೂಟರಿನ ತಾತ್ಕಾಲಿಕ ನೆನಪಿನ ಕಾರ್ಡಾದ ರ್‍ಯಾಮ್, ಒಂದು ಉದ್ದ ಎರಡು ಚಿಕ್ಕ ಬಂದರೆ ಡಿಸ್‌ಪ್ಲೇ ಕಾರ್ಡು. ಎಎಂಐ ಬಯೋಸ್‌ನಲ್ಲಿ ಮೂರು ಚಿಕ್ಕ ಬಂದರೆ ರ್‍ಯಾಮ್, ಐದು ಬಂದರೆ ಪ್ರೊಸೆಸರ್, ಎಂಟು ಬಂದರೆ ಡಿಸ್‌ಪ್ಲೇ. ಬೋರ್ಡಿನ ಮೇಲೆ ಮಾಡೆಲ್ ಹೆಸರು ಅಚ್ಚಾಗಿರುತ್ತದೆ. ಅದನ್ನು ಮೊಬೈಲಿನಲ್ಲಿ ಫೋಟೋ ತೆಗೆದು ಕಂಪನಿಯ ಮ್ಯಾನುಯಲ್ ನೋಡಿದರೆ ಗೊತ್ತಾಗುತ್ತದೆ. ನೀವು ಬರೆದ ರೀತಿ ನೋಡಿದರೆ ನನ್ನ ಅನುಮಾನ ರ್‍ಯಾಮಿನ ಮೇಲೇ.

ಅದಕ್ಕೆ ಕಾರಣ ನಮ್ಮ ಊರಿನ ಗಾಳಿ. ಕಾರವಾರದಿಂದ ಭಟ್ಕಳದವರೆಗೆ ಸಮುದ್ರದ ಗಾಳಿಯಲ್ಲಿ ಉಪ್ಪಿರುತ್ತದೆ, ಉಪ್ಪು ತೇವ ಎಳೆಯುತ್ತದೆ. ರ್‍ಯಾಮಿನ ಅಂಚಿನಲ್ಲಿ ಕಾಣುವ ಬಂಗಾರದ ಬಣ್ಣದ ಪಟ್ಟಿಗಳ ಮೇಲಿನ ಲೇಪ ಬಹಳ ತೆಳು. ಅಲ್ಲಿ ಸಣ್ಣ ಪೊರೆ ಕಟ್ಟಿದರೂ ಸಾಕು, ಅದು ಕೂರುವ ಸ್ಲಾಟಿಗೆ ಸಂಪರ್ಕ ತಪ್ಪುತ್ತದೆ. ದಿನಾ ಓಡುವ ಯಂತ್ರ ತನ್ನ ಬಿಸಿಗೇ ಒಳಗಿನ ತೇವ ಆರಿಸಿಕೊಳ್ಳುತ್ತದೆ. ನಿಮ್ಮದು ಪ್ಲಾಸ್ಟಿಕ್ಕಿನೊಳಗೆ ತಣ್ಣಗೆ ಕೂತಿತ್ತು, ಒಳಗೆ ಸೇರಿದ ತೇವಕ್ಕೆ ಹೊರಗೆ ಬರಲು ದಾರಿ ಇರಲಿಲ್ಲ. ಜುಲೈ, ಆಗಸ್ಟಿನಲ್ಲಿ ಕಾರವಾರದ ನನ್ನ ಮೇಜಿಗೆ ಬರುವ ಬೀಪಿನ ಕೇಸುಗಳಲ್ಲಿ ಜಾಸ್ತಿ ಇಂಥವೇ.

ಹೀಗೆ ಮಾಡಿ. ಸ್ವಿಚ್ ಆಫ್ ಮಾಡಿದರೆ ಸಾಲದು, ವೈರನ್ನೇ ಕಿತ್ತಿಡಿ. ಪವರ್ ಬಟನ್ ಹದಿನೈದು ಸೆಕೆಂಡು ಒತ್ತಿ ಹಿಡಿದರೆ ಒಳಗೆ ಉಳಿದ ಕರೆಂಟು ಹೋಗುತ್ತದೆ. ಒಣ ಕೈಯಿಂದ ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಕಬ್ಬಿಣ ಮುಟ್ಟಿ, ಆಮೇಲೆ ಕೆಲಸ ಶುರುಮಾಡಿ. ಸ್ಲಾಟಿನ ತುದಿಯ ಕ್ಲಿಪ್ ಹೊರಕ್ಕೆ ಒತ್ತಿದರೆ ರ್‍ಯಾಮ್ ಮೇಲೆ ಬರುತ್ತದೆ. ಅಂಚು ಹಿಡಿದು ತೆಗೆಯಿರಿ, ಪಟ್ಟಿಗೆ ಬೆರಳು ತಾಗಿಸಬೇಡಿ. ಮೊಬೈಲ್ ರಿಪೇರಿಯವರ ಹತ್ತಿರ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಎಂಬ ದ್ರವ ಇರುತ್ತದೆ. ಅದನ್ನು ಎಳೆ ಬಿಡದ ಬಟ್ಟೆಗೆ ಸ್ವಲ್ಪ ಹಾಕಿ ಎರಡೂ ಬದಿ ಒರೆಸಿ ಪೂರ್ತಿ ಆರಲು ಬಿಡಿ. ಪೆನ್ಸಿಲ್ ರಬ್ಬರಿನಿಂದ ಉಜ್ಜುವ ರೂಢಿ ಎಲ್ಲ ಕಡೆ ಇದೆ. ಬೇರೇನೂ ಸಿಗದಾಗ ಒಮ್ಮೆ ಮೆಲ್ಲಗೆ ಉಜ್ಜಿ ಪುಡಿ ಒರೆಸಿದರೆ ಪರವಾಗಿಲ್ಲ. ಪದೇಪದೇ ಉಜ್ಜಿದರೆ ಆ ತೆಳು ಲೇಪವೇ ಹೋಗುತ್ತದೆ, ಮುಂದಿನ ಮಳೆಗಾಲಕ್ಕೆ ತೊಂದರೆ ಇನ್ನೂ ಬೇಗ ಬರುತ್ತದೆ. ಸ್ಲಾಟಿಗೆ ಬಾಯಿಂದ ಊದಬೇಡಿ, ಉಸಿರಿನಲ್ಲೂ ತೇವವಿದೆ. ಒಣಗಿದ ಹೊಸ ಪೇಂಟ್ ಬ್ರಷ್ ಸಾಕು.

ಎರಡು ರ್‍ಯಾಮ್ ಇದ್ದರೆ ಒಂದನ್ನೇ ಹಾಕಿ ನೋಡಿ. ಆಮೇಲೆ ಅದನ್ನೇ ಇನ್ನೊಂದು ಸ್ಲಾಟಿಗೆ, ಆಮೇಲೆ ಎರಡನೆಯದನ್ನು. ಪ್ರತಿಸಲವೂ ವೈರು ಕಿತ್ತಿರಬೇಕು. ನಡುವಿನ ಕಚ್ಚು ಸ್ಲಾಟಿಗೆ ಹೊಂದಿಸಿ, ‘ಟಕ್’ ಎಂದು ಕ್ಲಿಪ್ ಕೂರುವವರೆಗೆ ಒತ್ತಬೇಕು. ಅರ್ಧ ಕೂತ ರ್‍ಯಾಮ್ ಕೂಡ ಇದೇ ಬೀಪ್ ಕೊಡುತ್ತದೆ. ಒಂದು ರ್‍ಯಾಮಿನಲ್ಲಿ ಮಾತ್ರ ತೊಂದರೆ ಬಂದರೆ ಆ ರ್‍ಯಾಮ್ ಹೋಗಿದೆ. ಒಂದು ಸ್ಲಾಟಿನಲ್ಲಿ ಮಾತ್ರ ಬಂದರೆ ಸ್ಲಾಟು ಹೋಗಿದೆ, ಇನ್ನೊಂದರಲ್ಲಿ ಹಾಕಿ ಕೆಲಸ ನಡೆಸಬಹುದು. ಚೆನ್ನಾಗಿದೆ ಎಂದು ಗೊತ್ತಿರುವ ರ್‍ಯಾಮ್ ಯಾವ ಸ್ಲಾಟಿನಲ್ಲಿ ಹಾಕಿದರೂ ಬೀಪ್ ನಿಲ್ಲದಿದ್ದರೆ ಆಗ ಬೋರ್ಡಿನ ಮಾತು ಒಪ್ಪಬಹುದು, ಮೊದಲೇ ಅಲ್ಲ. ಪಕ್ಕದ ಅಂಗಡಿಯಿಂದ ರ್‍ಯಾಮ್ ತಂದು ನೋಡುವುದಾದರೆ ಜಾತಿ ನೋಡಿಕೊಳ್ಳಿ. ಡಿಡಿಆರ್3ಕ್ಕೆ 240 ಪಿನ್, ಡಿಡಿಆರ್4ಕ್ಕೆ 288. ಕಚ್ಚಿನ ಜಾಗವೂ ಬೇರೆ, ಒತ್ತಿ ಕೂರಿಸಲು ಹೋದರೆ ಸ್ಲಾಟ್ ಮುರಿದೀತು.

ಸರಿಯಾದ ದಿನವೇ ಫೈಲುಗಳನ್ನು ಇನ್ನೊಂದು ಡಿಸ್ಕಿಗೆ ಹಾಕಿಕೊಳ್ಳಿ. ಪ್ಲಾಸ್ಟಿಕ್ ತೆಗೆದು ಹತ್ತಿಬಟ್ಟೆ ಹೊದಿಸಿ. ಕೆಲಸವಿರಲಿ ಬಿಡಲಿ, ಮಳೆಗಾಲದಲ್ಲಿ ದಿನಾ ಅರ್ಧ ತಾಸು ಆನ್ ಮಾಡಿಡಿ. ಕ್ಯಾಬಿನೆಟ್ ನೆಲದ ಮೇಲಿದ್ದರೆ, ಹೊರಗೋಡೆಗೆ ತಾಗಿದ್ದರೆ, ಅಲ್ಲಿಂದ ಸರಿಸಿ.

ಪ್ರಶ್ನೆ: ಶಿರಸಿಯಲ್ಲಿ ನಮ್ಮ ಮನೆಯ ಹಳೇ ಕಂಪ್ಯೂಟರ್ ಬೀಪೇ ಮಾಡುವುದಿಲ್ಲ. ದಿನಾ ಬೆಳಿಗ್ಗೆ ಎಫ್1 ಒತ್ತಿ ಎನ್ನುತ್ತದೆ, ತಾರೀಕು ಹಿಂದಕ್ಕೆ ಹೋಗಿರುತ್ತದೆ. ಬ್ಯಾಂಕಿನ ಪುಟ ತೆರೆಯುವುದಿಲ್ಲ. ವೈರಸ್ಸೇ?

ಉತ್ತರ: ವೈರಸ್ ಅಲ್ಲ, ಆಫ್ ಇದ್ದಾಗಲೂ ತಾರೀಕು ಉಳಿಸಿಕೊಳ್ಳಲು ಬೋರ್ಡಿನ ಮೇಲಿರುವ ಸಿಆರ್2032 ಎಂಬ ಬಿಲ್ಲೆ ಸೆಲ್ ಮುಗಿದಿದೆ. ತಾರೀಕು ತಪ್ಪಾದರೆ ಬ್ಯಾಂಕಿನ ತಾಣದ ಭದ್ರತಾ ಪತ್ರ ಹೊಂದುವುದಿಲ್ಲ, ಅದಕ್ಕೇ ಪುಟ ತೆರೆಯುತ್ತಿಲ್ಲ. ಸೆಲ್ ವಾಚಿನ ಅಂಗಡಿಯಲ್ಲೂ ಸಿಗುತ್ತದೆ. ವೈರು ಕಿತ್ತು, ಪ್ಲಸ್ ಗುರುತು ಮೇಲೆ ಬರುವಂತೆ ಹಾಕಿ, ಬಯೋಸ್‌ನಲ್ಲಿ ತಾರೀಕು, ಸಮಯ ಸರಿಮಾಡಿ ಸೇವ್ ಮಾಡಿ. ಬೀಪ್ ಬಾರದಿರಲು ಕಾರಣ ಸ್ಪೀಕರ್ ಇಲ್ಲದಿರುವುದು ಇರಬಹುದು. ಈಗ ಎಷ್ಟೋ ಕ್ಯಾಬಿನೆಟ್‌ಗಳಲ್ಲಿ ಅದನ್ನು ಕೊಡುವುದೇ ಇಲ್ಲ. ಬೋರ್ಡಿನಲ್ಲಿ ‘ಸ್ಪೀಕರ್’ ಎಂದು ಬರೆದ ನಾಲ್ಕು ಪಿನ್ ಇದ್ದರೆ ಸಣ್ಣ ಬಜರ್ ಒಂದನ್ನು ತಂದು ಸಿಕ್ಕಿಸಿ. ಬೆಲೆ ಕಡಿಮೆ, ಮುಂದೆ ಡಿಸ್‌ಪ್ಲೇ ಬಾರದ ದಿನ ಎಲ್ಲಿ ಹುಡುಕಬೇಕೆಂದು ಅದೇ ಹೇಳುತ್ತದೆ.