ಡೇಗೆಗಳನ್ನು ಪಳಗಿಸಿ ಬೇಟೆಯಾಡಿಸುವವರ ಅಂತರರಾಷ್ಟ್ರೀಯ ಸಂಘ ಹಕ್ಕಿಗಳ ಸಂರಕ್ಷಣೆಗೆ ಏಕೆ ದುಡಿಯುತ್ತದೆ?

ನಿಸರ್ಗದಲ್ಲಿ ಡೇಗೆ, ಗಿಡುಗಗಳ ಸಂತತಿ ಉಳಿಯದಿದ್ದರೆ ಅವುಗಳನ್ನು ಪಳಗಿಸಿ ಬೇಟೆಯಾಡಿಸುವ ಕಲೆಯೂ, ಅದಕ್ಕೆ ಕಾನೂನು ಕೊಡುವ ಅನುಮತಿಯೂ ಉಳಿಯುವುದಿಲ್ಲ ಎಂಬುದೇ ನೇರವಾದ ಕಾರಣ. 1968ರಲ್ಲಿ ಸ್ಥಾಪನೆಯಾದ ಈ ಸಂಘ ಹಲವು ದೇಶಗಳ ಕ್ಲಬ್‌ಗಳ ಒಕ್ಕೂಟವಾಗಿದ್ದು, ಸಂರಕ್ಷಣೆ ಎಂಬ ಪದ ಅದರ ಪೂರ್ಣ ಹೆಸರಿನಲ್ಲಿಯೇ ಇದೆ.

ಸ್ವಹಿತದಷ್ಟೇ ಮುಖ್ಯವಾದದ್ದು ಕೌಶಲ. ಡಿಡಿಟಿ ಕೀಟನಾಶಕದ ಪರಿಣಾಮವಾಗಿ ಚಿಪ್ಪು ತೆಳುವಾದ ಮೊಟ್ಟೆಗಳು ಕಾವು ಕೊಡುವ ಹಕ್ಕಿಯ ಭಾರಕ್ಕೇ ಒಡೆಯತೊಡಗಿದಾಗ, ಪೆರೆಗ್ರಿನ್ ಡೇಗೆಯು ಪೂರ್ವ ಅಮೆರಿಕದಲ್ಲಿ ಸಂತಾನವೃದ್ಧಿ ಮಾಡುವುದೇ ನಿಂತುಹೋಯಿತು. ಸ್ವತಃ ಡೇಗೆ ಸಾಕುತ್ತಿದ್ದ ವಿಜ್ಞಾನಿ ಟಾಮ್ ಕೇಡ್ 1970ರಲ್ಲಿ ಪೆರೆಗ್ರಿನ್ ಫಂಡ್ ಸಂಸ್ಥೆಯನ್ನು ಕಟ್ಟಿ, ಸಾಕಣೆಯಲ್ಲಿ ಹುಟ್ಟಿದ ಮರಿಗಳನ್ನು ಬಿಡುಗಡೆ ಮಾಡಲು ಬೇಟೆಗಾರರ ಹಳೆಯ ವಿಧಾನವೊಂದನ್ನು ಬಳಸಿದರು: ಮರಿಗಳನ್ನು ಎತ್ತರದ ಪೆಟ್ಟಿಗೆಯಲ್ಲಿರಿಸಿ, ಮನುಷ್ಯರ ಮುಖ ಕಾಣದಂತೆ ಆಹಾರ ಒದಗಿಸಿ, ಪೆಟ್ಟಿಗೆ ತೆರೆದ ಮೇಲೂ ಅವು ತಾವೇ ಬೇಟೆಯಾಡಲು ಕಲಿಯುವವರೆಗೆ ಅಲ್ಲಿಯೇ ಉಣಿಸುವುದು. ಡಿಡಿಟಿ ನಿಷೇಧವಿಲ್ಲದೆ ಇದು ಫಲಿಸುತ್ತಿರಲಿಲ್ಲ, ನಿಜ. ಆದರೆ ಮರಿ ಸಾಕುವ ಕೈಗಳೂ ಬೇಕಿದ್ದವು. 1999ರಲ್ಲಿ ಈ ಹಕ್ಕಿಯನ್ನು ಅಮೆರಿಕದ ಅಪಾಯದಂಚಿನ ಜೀವಿಗಳ ಪಟ್ಟಿಯಿಂದ ಕೈಬಿಡಲಾಯಿತು.

ಯುನೆಸ್ಕೊ 2010ರಲ್ಲಿ ಈ ಕಲೆಯನ್ನು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದ್ದರಿಂದ ಸಂಘದ ಮಾತಿಗೆ ತೂಕ ಬಂದಿದೆ. ಹಾಗೆಂದು ಎಲ್ಲವೂ ಸರಿಯಾಗಿದೆ ಎನ್ನಲಾಗದು: ಮಧ್ಯ ಏಷ್ಯಾದ ಸೇಕರ್ ಡೇಗೆಗಳನ್ನು ಮಾರಾಟಕ್ಕಾಗಿ ಅಕ್ರಮವಾಗಿ ಹಿಡಿಯುವುದು ಇಂದಿಗೂ ನಡೆದಿದೆ, ಆ ಬೇಡಿಕೆ ಹುಟ್ಟುವುದು ಬೇಟೆಯ ಹವ್ಯಾಸದಿಂದಲೇ.